ಚಿ ರಾಜ್ಯಕ್ಕೋ, ಚಿ ರಾಜ್ಯದಿಂದಲೋ

ಚೀನಾದ ಪ್ರಾಚೀನ ಚಿಂತಕ ಮೆನ್ಸಿಯಸ್‌ನ ಹೆಸರಿನದೇ ಗ್ರಂಥದ ಕನ್ನಡ ಅನುವಾದ, ಡೆಲಿವರಿಗೆ ಇನ್ನು 20 ನಿಮಿಷ. ತಪ್ಪು ಹುಡುಕುವ ಕ್ಯೂಎ ರಿಪೋರ್ಟಿನಲ್ಲಿ ಒಂದೂ ಕೆಂಪು ಇಲ್ಲ. "ಮೆನ್ಸಿಯಸ್ ಚಿ ರಾಜ್ಯಕ್ಕೆ ಹೋಗಿ ಝೌ ಊರಿನಲ್ಲಿ ತಂಗಿದ" ಎಂಬ ಸೆಗ್ಮೆಂಟಿಗೆ (ಟೂಲ್ ಬಿಡಿಸಿಟ್ಟ ವಾಕ್ಯದ ತುಂಡು) ಟಿಕ್ ಒತ್ತಿದ್ದು ನಾನೇ. (ಉಚ್ಚಾರಕ್ಕೆ 'ಛೀ' ಹತ್ತಿರ. ಬೈದ ಹಾಗಾಗುತ್ತದೆಂದು 'ಚಿ' ಮಾಡಿದ್ದೆವು.) ಮುಂದಿನ ಸೆಗ್ಮೆಂಟಿನಲ್ಲಿ ಯಾರೋ ಒಬ್ಬ, ರಾಜನ ಪರವಾಗಿ, ಮೆನ್ಸಿಯಸ್‌ನನ್ನು ತಡೆಯಲು ಬಂದು ಕೂತು ಮಾತಾಡುತ್ತಾನೆ, ಮೆನ್ಸಿಯಸ್ ಉತ್ತರ ಕೊಡದೆ ಒರಗಿ ಮಲಗಿಬಿಡುತ್ತಾನೆ. ಈಗಷ್ಟೇ ಬಂದವನನ್ನು ಹೋಗಬೇಡ ಅನ್ನುವುದೇಕೆ?

ಎಡವಿದ್ದು ಮೂಲದ 'ಛ್ಯು' ಅಕ್ಷರದಲ್ಲಿ. ಇಂದಿನ ಚೀನಿಯಲ್ಲಿ ಛ್ಯು ಆದಮೇಲೆ ಊರ ಹೆಸರು ಬಂದರೆ ಆ ಊರಿಗೆ ಹೋಗುವುದು. ಶಾಸ್ತ್ರೀಯ ಚೀನಿಯಲ್ಲಿ ಅದೇ ಜೋಡಣೆಗೆ ಆ ಊರು ಬಿಟ್ಟು ಹೋಗುವುದು. ಪೂರಾ ತಿರುಗುಮುರುಗು. ಅಂದರೆ ಮೆನ್ಸಿಯಸ್ ಚಿ ರಾಜ್ಯ ಬಿಟ್ಟು ಹೊರಟವನು. ಕನ್ನಡದಲ್ಲಾದರೆ ಊರಿಗೆ, ಊರಿಂದ ಅಂತ ಪ್ರತ್ಯಯ ಕಾಪಾಡುತ್ತದೆ. ಚೀನಿಯಲ್ಲಿ ವಿಭಕ್ತಿಯೇ ಇಲ್ಲ, ಪಠ್ಯ ಯಾವ ಕಾಲದ್ದೆಂದು ನೋಡಿ ಪ್ರತ್ಯಯ ನಾವೇ ಹಾಕಬೇಕು. ಕ್ರಿ.ಶ. 100ರ ಸುಮಾರಿನ 'ಶುವೋವೆನ್ ಜಿಯೆಜಿ' ನಿಘಂಟಿನಲ್ಲಿ ಈ ಅಕ್ಷರಕ್ಕೆ ಜನ ಒಬ್ಬರಿಂದೊಬ್ಬರು ಅಗಲುವುದು ಎಂದೇ ಅರ್ಥವಿದೆ.

ಹೋಗಿ ಸೇರುವುದಕ್ಕೆ 'ಮೆನ್ಸಿಯಸ್' ಗ್ರಂಥ 'ಝಿ' ಬಳಸುತ್ತದೆ. ಮೆನ್ಸಿಯಸ್ ಪಿಂಗ್‌ಲುಗೆ ಹೋದದ್ದೂ ತೆಂಗ್‌ಗೆ ಹೋದದ್ದೂ ಝಿ. ನಮ್ಮ ಪದಪಟ್ಟಿಯಾದ ಟರ್ಮ್‌ಬೇಸ್‌ನಲ್ಲೋ, ಝಿ ಎಂದರೆ ಬರೀ ಷಷ್ಠಿ. ಇವತ್ತಿನ ಸುದ್ದಿಯ ಟಿಎಂ (ಹಿಂದೆ ಮಾಡಿದ ಅನುವಾದಗಳ ಸಂಗ್ರಹ) ತಂದು ಎರಡು ಸಾವಿರ ವರ್ಷದ ಹಿಂದಿನ ಪಠ್ಯಕ್ಕೆ ಅಂಟಿಸಿ, ಮ್ಯಾಚ್ ಇದೆಯಲ್ಲ ಎಂದು ಪದಕ್ಕಿಷ್ಟು ದರ ಕಡಿಯುವುದು ಮೇಲಿನವರ ಜಾಣತನ.

ಛ್ಯು ಮುಂದೆ ವಸ್ತು ಬಂದರೆ ಅದನ್ನು ಬಿಡು, ತೆಗೆದುಹಾಕು ಎಂದರ್ಥ. ಕನ್ಫ್ಯೂಷಿಯಸ್‌ನ ಮಾತುಗಳ ಸಂಗ್ರಹ 'ಅನಲೆಕ್ಟ್ಸ್'ನ 12ನೇ ಅಧ್ಯಾಯದಲ್ಲಿ ಆಹಾರ, ಸೈನ್ಯ, ಜನರ ನಂಬಿಕೆ ಈ ಮೂರರಲ್ಲಿ ಮೊದಲು ಬಿಡುವುದು ಯಾವುದು ಎಂದು ಕೇಳಿದರೆ 'ಛ್ಯು ಬಿಂಗ್', ಸೈನ್ಯ ಬಿಡು, ಎನ್ನುತ್ತಾನೆ ಕನ್ಫ್ಯೂಷಿಯಸ್. ಎರಡು ಊರುಗಳ ನಡುವೆ ಬಂದು ಮುಂದೆ 'ಲೀ' (ಚೀನಿ ದೂರದ ಅಳತೆ) ಲೆಕ್ಕ ಇದ್ದರೆ ದೂರ. ದಿಕ್ಕಿನ ಹೆಸರು ಛ್ಯುಗಿಂತ ಮೊದಲೇ ಬಂದರೆ ಆ ಕಡೆ ಹೊರಟುಹೋಗುವುದು; ಇಲ್ಲಿ ಮಾತ್ರ 'ಗೆ' ಹಾಕಿದರೂ ನಡೆಯುತ್ತದೆ.

ಹಳೆಯ ಅರ್ಥ ಇಂದಿನ ಮಾತಿನಲ್ಲೂ ಉಳಿದಿದೆ: ಛ್ಯುನಿಯೆನ್ ಹೋದ ವರ್ಷ, ಛ್ಯುಶಿ ತೀರಿಹೋಗುವುದು, ಛ್ಯುಪಿ ಸಿಪ್ಪೆ ತೆಗೆಯುವುದು. 'ಅಜ್ಜ ಹೋದರು' ಅಂದರೆ ಎಲ್ಲಿಗೆ ಎಂದು ಕೇಳದ ನಮಗೆ ಇದು ಹೊಳೆಯಬೇಕಿತ್ತು.

ಆ 20 ನಿಮಿಷದಲ್ಲಿ ಛ್ಯು ಇದ್ದ ಸೆಗ್ಮೆಂಟುಗಳನ್ನೆಲ್ಲ ಫಿಲ್ಟರ್ ಮಾಡಿ, ಮುಂದೆ ಸ್ಥಳನಾಮ ಇದ್ದವನ್ನು ಕೈಯಲ್ಲೇ ತಿದ್ದಿದ್ದಾಯಿತು. ಟರ್ಮ್‌ಬೇಸ್‌ಗೆ 'ಬಿಡು' ಎಂಬ ಎರಡನೇ ಎಂಟ್ರಿಯೂ ಸೇರಿತು. ಟೂಲ್ ಮಾತ್ರ ಇವತ್ತಿಗೂ 'ಹೋಗು' ಎಂಬುದನ್ನೇ ಮೊದಲು ತೋರಿಸುತ್ತದೆ, ಹಸಿರು ಬಣ್ಣದಲ್ಲಿ, ಶೇ. 100 ಮ್ಯಾಚ್ ಅಂತ.