ಕ್ಲಾಸಲ್ಲಿ ಸರ್, ಟ್ರೈನಲ್ಲಿ ಮೇಷ್ಟ್ರು

ನಾನು ನಮ್ಮ ಕಾಲೇಜಿಗೆ ಸೇರಿದ್ದು 1999ರಲ್ಲಿ. ಮಂಡ್ಯದಿಂದ ಬೆಳಿಗ್ಗೆ ಟ್ರೈನ್ ಹತ್ತಿ ಮೈಸೂರಿಗೆ ಬರ್ತಿದ್ದೆ, ಅದೇ ಟ್ರೈನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರೂ ಮದ್ದೂರಿಂದ ಬರೋರು. ಸಿಕ್ಕಿದ್ರೆ "ಏನ್ಲಾ, ಉಂಡ್ಕಂಡ್ ಬಂದ್ಯಾ?" ಅನ್ನೋರು, ಅವ್ರೇ ಕ್ಲಾಸಿಗೆ ಬಂದು ಇಂಗ್ಲಿಷ್ ಶುರು ಮಾಡಿದ್ರೆ ದನಿ, ನಿಲ್ಲೋ ರೀತಿ ಎಲ್ಲಾ ಬೇರೆ, ಇವ್ರು ಅವ್ರೇನಾ ಅನ್ಸೋದು.

ನಮ್ ಕಡೆ 'ಹ' ಹಾರಿಸ್ಬಿಡ್ತೀವಲ್ಲ, ಹಾಲು ಹೋಗಿ ಆಲು, ಹಳ್ಳಿ ಹೋಗಿ ಅಳ್ಳಿ. ಮೊದಲನೇ ವಾರ ಪಾಠ ಓದ್ತಾ 'ಹೌಸ್' ಅನ್ನೋದನ್ನ 'ಔಸ್' ಅಂದೆ, ಕ್ಲಾಸೆಲ್ಲಾ ನಕ್ತು. ಸರ್ ಹತ್ರ ಬಂದು ನನ್ನ ಅಂಗೈನ ನನ್ನ ಬಾಯ್ಮುಂದೆನೇ ಹಿಡಿಸಿ, "ಔಸ್ ಅಂದ್ರೆ ಕೈಗೇನೂ ತಾಕಲ್ಲ, ಈಗ ಹೌಸ್ ಅನ್ನು" ಅಂದ್ರು. ಬಿಸಿ ಉಸಿರು ತಾಕ್ತು. ಸಾಯಂಕಾಲ ಟ್ರೈನಲ್ಲಿ ಹೇಳಿದ್ರು, ಅವ್ರೂ ಟ್ರೈನಿಂಗಿಗೆ ಹೋದಾಗ ಇದೇ ಅಕ್ಷರಕ್ಕೆ ಎಲ್ಲರ ಮುಂದೆ ಬೈಸ್ಕೊಂಡು, ರಾತ್ರಿ ಹಾಸ್ಟೆಲ್ ತಾರಸಿ ಮೇಲೆ ಒಬ್ರೇ ಕೂತು ಹೀಗೇ ಕಲ್ತಿದ್ರಂತೆ. "ಅವ್ವನ್ ತಾವ ಈಗ್ಲೂ ಆಲು ಅಂತ್ಲೇ ಅಂತೀನಿ ಕಣ್ಲಾ, ಇಲ್ದಿದ್ರೆ ಯಾವನೋ ಸಾಹೇಬ ಬಂದವ್ನೆ ಅನ್ಕತಾಳೆ."

ನಮ್ ಜೊತೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಹುಡುಗ ಒಬ್ಬ ಇದ್ದ. 1960ರ ಸುಮಾರಿಗೆ ಟಿಬೆಟ್ ಬಿಟ್ಟು ಬಂದವ್ರಿಗೆ ಪಿರಿಯಾಪಟ್ಟಣ ತಾಲ್ಲೂಕಲ್ಲಿ ಜಾಗ ಕೊಟ್ರಲ್ಲ, ಆ ಊರು. ಅವ್ನಿಗೆ ಕನ್ನಡ ಅಷ್ಟಕ್ಕಷ್ಟೆ, ಸರ್‌ಗೆ ಟಿಬೆಟನ್ ಗೊತ್ತಿಲ್ಲ, ಇಂಗ್ಲಿಷ್ ಇಬ್ರ ಮನೆ ಮಾತೂ ಅಲ್ಲ, ಆದ್ರೂ ಅದ್ರಲ್ಲೇ ಕ್ಲಾಸ್ ಬಿಟ್ಮೇಲೆ ಗಂಟೆಗಟ್ಲೆ ಮಾತು, ಅವರಜ್ಜ ಜೋಳ ಬೆಳೆಯೋದು, ಇವ್ರ ಮನೆ ಕಬ್ಬು, ಎಲ್ಲಾ. ಅವನ ಭಾಷೇಲಿ ಮೇಷ್ಟ್ರಿಗೆ ಗೆನ್ ಲಾ ಅಂತಾರಂತೆ, ಕ್ಲಾಸಲ್ಲಿ ಸರ್ ಅಂದ್ರೂ ಹೊರಗೆ ಹಾಗೇ ಕರೀತಿದ್ದ. ನಾವು ಮೇಷ್ಟ್ರೇ ಅಂದಂಗೆ.

ಇನ್ನೊಂದು ನನಗೆ ತಡವಾಗಿ ಹೊಳೀತು. ಕನ್ನಡದಲ್ಲಿ ಅವ್ರು ನಮ್ಮನ್ನ ನೀನು ಅನ್ನೋರು, ನಾವು ನೀವು, ಅವ್ರಿಗೆ ಎದುರಾಡೋಕೆ ಬಾಯೇ ಬರ್ತಿರ್ಲಿಲ್ಲ. ಇಂಗ್ಲಿಷಲ್ಲಿ ಎಲ್ಲರಿಗೂ ಒಂದೇ 'ಯೂ'. 'ಐ ಡೋಂಟ್ ಅಗ್ರೀ ಸರ್' ಅಂತ ನಾನು ಮೊದಲ ಸಲ ಎದ್ದು ಹೇಳಿದ್ದು ಅವರ ಕ್ಲಾಸಲ್ಲೇ, ಅವ್ರಿಗೆ ಎಷ್ಟು ಖುಷಿ ಆಯ್ತು ಅಂದ್ರೆ ಪಾಠ ಬಿಟ್ಟು ನನ್ ಜೊತೆ ವಾದಕ್ಕೆ ನಿಂತ್ರು. ಅದೇ ಮಾತು ಟ್ರೈನಲ್ಲಿ ಕನ್ನಡದಲ್ಲಿ ಹೇಳೋಕೆ ನನಗೆ ಕೊನೆವರ್ಗೂ ಆಗ್ಲಿಲ್ಲ.

ಹೀಗೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಬದುಕೋದು ಮೈಸೂರಲ್ಲಿ ಹೊಸದೇನಲ್ಲ ಅನ್ನೋರು ಸರ್. ಬಿಎಂಶ್ರೀ ಮಹಾರಾಜಾ ಕಾಲೇಜಲ್ಲಿ ಪಾಠ ಮಾಡ್ತಿದ್ದದ್ದು ಇಂಗ್ಲಿಷ್, ಕಟ್ಟಿದ್ದು ಹೊಸಗನ್ನಡ ಕವಿತೆ. 1924ರಲ್ಲಿ ಇಂಗ್ಲಿಷಲ್ಲಿ ಪದ್ಯ ಬರೀತಿದ್ದ ಕುವೆಂಪುಗೆ ನಿನ್ನ ಭಾಷೇಲಿ ಬರಿ ಅಂತ ಹೇಳಿದ್ದು ಐರಿಶ್ ಕವಿ ಜೇಮ್ಸ್ ಕಸಿನ್ಸ್. ಈ ಕಥೆ ಹೇಳುವಾಗ ಮಾತ್ರ ಸರ್ ಕ್ಲಾಸಲ್ಲೂ ಕನ್ನಡಕ್ಕೆ ಬಂದ್ಬಿಡೋರು.

ಕಳೆದ ದಸರಾಕ್ಕೆ ಬೈಲಕುಪ್ಪೆಯ ಆ ಸ್ನೇಹಿತನ ಜೊತೆ ಮದ್ದೂರಲ್ಲಿರೋ ಸರ್ ಮನೆಗೆ ಹೋಗಿದ್ದೆ. ಈಗ ಅವ್ನೂ ಇಂಗ್ಲಿಷ್ ಮೇಷ್ಟ್ರು. ಇಬ್ರೂ ಜಗಲಿ ಮೇಲೆ ಕೂತು ಇಂಗ್ಲಿಷಲ್ಲಿ ಮಾತಾಡ್ತಾನೇ ಇದ್ರು, ಒಳಗಿಂದ ಅಮ್ಮಾವ್ರು ಕರೆದ್ಮೇಲೆ ಸರ್ ಎದ್ದು ಅವನ ಹೆಗಲ ಮೇಲೆ ಕೈ ಹಾಕಿ, "ಬಾರ್ಲಾ, ಮುದ್ದೆ ಆರೋಯ್ತದೆ" ಅಂದ್ರು.