ಟೆನ್ಬಿಯಲ್ಲಿ ಎಳ್ಳು ಬೀರಿದ ಭಾನುವಾರ

ಮೊದಲ ಗಿಳಿಗೆ ಬಾಲ ಬರಲಿಲ್ಲ. ಎರಡನೆಯದಕ್ಕೆ ಕೊಕ್ಕು ಬರಲಿಲ್ಲ. 2023ರ ಜನವರಿ, ಗುರುವಾರ ರಾತ್ರಿ ಹನ್ನೊಂದು ಗಂಟೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಅಚ್ಚು ಹುಯ್ಯುತ್ತಾ ನಿಂತಿದ್ದೆ. ಮರದ ಅಚ್ಚುಗಳು ಅಮ್ಮನವು. ಎರಡು ವರ್ಷದ ಹಿಂದೆ ಸೀರೆ ಮಡಿಕೆಯ ಒಳಗಿಟ್ಟು ಮೈಸೂರಿನಿಂದ ತಂದಿದ್ದೆ.

ಈ ಕೆಲಸ ನೋಡುವುದಕ್ಕೆ ಸುಲಭ. ಸಕ್ಕರೆಗೆ ನೀರು ಹಾಕಿ ಕುದಿಸಬೇಕು. ಒಂದೆರಡು ಚಮಚ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿಕೊಂಡು, ಕಾಯಿಸಿ, ಬೆಳ್ಳಗಾಗುವವರೆಗೆ ತಿರುವಿ, ನೀರಲ್ಲಿ ನೆನೆಸಿಟ್ಟ ಅಚ್ಚಿಗೆ ಹುಯ್ಯಬೇಕು. ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಗಟ್ಟಿ. ಒಂದು ಗಳಿಗೆ ಮುಂಚೆಯಾದರೆ ಅಚ್ಚು ಬಿಡುವುದೇ ಇಲ್ಲ. ಅಮ್ಮ ಇದನ್ನು ಪಕ್ಕದ ಮನೆಯವರ ಜೊತೆ ಹರಟೆ ಹೊಡೆಯುತ್ತಾ ಮಾಡುತ್ತಿದ್ದಳು. ನಾನು ಉಸಿರು ಬಿಗಿ ಹಿಡಿದು ಮಾಡಿದರೂ ಹತ್ತರಲ್ಲಿ ನಾಲ್ಕು ಹೆಳವ.

ಇಷ್ಟೆಲ್ಲ ಅವಸರಕ್ಕೆ ಕಾರಣ ಇವರು. ಜನವರಿಯಲ್ಲಿ ಸಮುದ್ರದ ಬದಿಯ ಮನೆಗಳು ಅರ್ಧ ಬಾಡಿಗೆಗೆ ಸಿಗುತ್ತವೆ ಅಂತ ಪೆಂಬ್ರೋಕ್‌ಷೈರ್‌ನ ಟೆನ್ಬಿಯಲ್ಲಿ ಎರಡು ರಾತ್ರಿಗೆ ಮನೆ ಹಿಡಿದಿದ್ದರು. ಸಂಕ್ರಾಂತಿ ಹಬ್ಬದ ವಾರ ಅಂತ ನೋಡಿರಲಿಲ್ಲ. "ಹಬ್ಬ ಎಲ್ಲಿದ್ದರೂ ಮಾಡಬಹುದಲ್ವಾ" ಅಂದರು. ಮಾಡಬಹುದು. ಪೊಂಗಲ್ ಎಲ್ಲಿ ಬೇಕಾದರೂ ಕುದಿಯುತ್ತದೆ. ಆದರೆ ಎಳ್ಳು ಬೀರುವುದಕ್ಕೆ ನೆರೆಹೊರೆ ಬೇಕು. ಅದನ್ನು ಯಾವ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗಲಿ?

ಉಳಿದದ್ದನ್ನೆಲ್ಲ ತುಂಬಿಕೊಂಡೆವು. ಬಿಳಿ ಎಳ್ಳು, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಹುರಿಗಡಲೆ, ಸಣ್ಣಗೆ ಹೆಚ್ಚಿದ ಕೊಬ್ಬರಿ, ಬೆಲ್ಲ. ಅವರೆಕಾಳಿಗೆ ಗುಜರಾತಿ ಅಂಗಡಿಯ ಫ್ರೀಜರ್‌ನ ಪಾಪಡಿ ಲಿಲ್ವಾ. ಸೊಗಡು ಇರುವುದಿಲ್ಲ, ಆದರೆ ಬೇಯಿಸಿದರೆ ಅವರೆಯೇ. ಕಬ್ಬು ಒಂದೇ ಒಂದು ಗೇಣುದ್ದದ ತುಂಡು ಸಿಕ್ಕಿತ್ತು, ಅದೂ ಪ್ಲಾಸ್ಟಿಕ್ ಸುತ್ತಿಕೊಂಡು ಬೆಪ್ಪಾಗಿತ್ತು. ಗೆಣಸು ಸೂಪರ್‌ಮಾರ್ಕೆಟ್‌ನದು. ಒಳಗೆ ಕಿತ್ತಳೆ ಬಣ್ಣ, ಬೇಯಿಸಿದರೆ ಕುಂಬಳಕಾಯಿ ಥರ ಮೆತ್ತಗೆ.

ಶುಕ್ರವಾರ ಮಕ್ಕಳು ಸ್ಕೂಲಿಂದ ಬಂದ ಮೇಲೆ ಹೊರಟೆವು. ಎರಡು ಗಂಟೆ ದಾರಿ, ಪೂರ್ತಿ ಕತ್ತಲೆ, ಮಳೆ. ಹೇಳುವಂಥದ್ದೇನೂ ಇಲ್ಲ.

ಬೆಳಿಗ್ಗೆ ಎಂಟೂಕಾಲರ ಹೊತ್ತಿಗೆ ಬೆಳಕಾಯಿತು. ಪರದೆ ಸರಿಸಿದರೆ ಎದುರಿಗೇ ಬಂದರು. ಅರ್ಧಚಂದ್ರದ ಹಾಗೆ ಬಾಗಿದ ಸಾಲಿನಲ್ಲಿ ತಿಳಿ ಗುಲಾಬಿ, ತಿಳಿ ಹಳದಿ, ತಿಳಿ ನೀಲಿ ಬಣ್ಣದ ಮನೆಗಳು. ಮಗಳಿಗೆ ಒಂಬತ್ತು ವರ್ಷ. ನೋಡಿದವಳೇ "ಅಮ್ಮಾ, ಜೀರಿಗೆ ಪೆಪ್ಪರ್‌ಮೆಂಟ್!" ಅಂದಳು. ನಿಜಕ್ಕೂ ಎಳ್ಳಿಗೆ ಬೆರೆಸುವ ಬಣ್ಣದ ಜೀರಿಗೆ ಮಿಠಾಯಿಯನ್ನು ಗುಡ್ಡದ ಮೇಲೆ ಚೆಲ್ಲಿದ ಹಾಗೇ ಇತ್ತು. ವೆಲ್ಷ್ ಭಾಷೆಯಲ್ಲಿ ಈ ಊರಿನ ಹೆಸರು ಡಿನ್ಬಿಖ್-ಅ-ಪಸ್ಗೊಡ್. ಮೀನಿನ ಚಿಕ್ಕ ಕೋಟೆ ಅಂತ ಅರ್ಥವಂತೆ. ಕೋಟೆ ಗೋಡೆ ಇನ್ನೂ ಇದೆ, ಐದು ಕಮಾನಿನ ಬಾಗಿಲೂ ಇದೆ. ಬಾಗಿಲ ಒಳಗೆ ಹೋದರೆ ಬೀದಿಗಳು ಇಕ್ಕಟ್ಟು, ಶ್ರೀರಂಗಪಟ್ಟಣದ ಒಳಗೇರಿಯ ಹಾಗೆ.

ಅಮ್ಮನ ಫೋನು ಬಂತು. ಈ ಸಲ ಹಬ್ಬ ಯಾವತ್ತು ಅನ್ನೋದೇ ಜಗಳ. ಪಂಚಾಂಗದ ಪ್ರಕಾರ ಸೂರ್ಯ ಮಕರಕ್ಕೆ ಕಾಲಿಡುವುದು ಶನಿವಾರ, ಅಂದರೆ 14ರ ರಾತ್ರಿ ಎಂಟು ಗಂಟೆ ದಾಟಿದ ಮೇಲೆ. ಹಾಗಾಗಿ ಹಬ್ಬ ಭಾನುವಾರ 15. "ಅಮ್ಮಾ, ನಿಮಗೆ ರಾತ್ರಿ ಆದರೆ ನಮಗೆ ಇನ್ನೂ ಮಧ್ಯಾಹ್ನ. ನಮಗೆ ಶನಿವಾರವೇ ಹಬ್ಬ ಆಗಬೇಕಲ್ವಾ?" ಅಂದೆ. "ಸೂರ್ಯನಿಗೆ ನಿನ್ನ ಗಡಿಯಾರ ಗೊತ್ತಿಲ್ಲ ಕಣೇ. ಭಾನುವಾರ ಅಂದರೆ ಭಾನುವಾರ. ಐದು ಮನೆಗಾದರೂ ಎಳ್ಳು ಬೀರು" ಅಂದು ಇಟ್ಟಳು.

ಹೀಗೆ ಶನಿವಾರ ಸುಮ್ನೆ ತಿರುಗಾಟಕ್ಕೆ ಸಿಕ್ಕಿತು. ಗಾಳಿ ಎಷ್ಟಿತ್ತೆಂದರೆ ಸೌತ್ ಬೀಚ್‌ನಲ್ಲಿ ಮರಳು ಮಂಡಿಯೆತ್ತರದಲ್ಲಿ ಹಾವಿನ ಹಾಗೆ ಓಡುತ್ತಿತ್ತು. ದೂರದಲ್ಲಿ ಕಾಲ್ಡಿ ದ್ವೀಪ. ಅಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠವಿದೆ, ಚಾಕೊಲೇಟ್ ಮಾಡುತ್ತಾರೆ. ಚಳಿಗಾಲದಲ್ಲಿ ದೋಣಿ ಬಿಡುವುದಿಲ್ಲ, ಮಗಳು ಮುಖ ಊದಿಸಿಕೊಂಡಳು. ಹದಿಮೂರರ ಮಗನಿಗೆ ಮಳೆಯಿಂದ ತಪ್ಪಿಸಿಕೊಳ್ಳಲು ಹೊಕ್ಕ ಸೇಂಟ್ ಮೇರಿ ಚರ್ಚ್ ಇಷ್ಟವಾಯಿತು. ಅಲ್ಲಿ ರಾಬರ್ಟ್ ರೆಕಾರ್ಡ್‌ನ ಸ್ಮಾರಕವಿದೆ. ಗಣಿತದ ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚು ಹಾಕಿಸಿದವನು ಈ ಊರಿನವನು. ಎರಡು ಸಮಾನಾಂತರ ಗೆರೆಗಳಿಗಿಂತ ಜಾಸ್ತಿ ಸಮವಾದದ್ದು ಇನ್ನೇನೂ ಇಲ್ಲ ಅನ್ನುವುದು ಅವನ ವಾದ. ಮರುವರ್ಷ ಸಾಲದ ಜೈಲಿನಲ್ಲಿ ಸತ್ತ, ಪಾಪ. "ಲೆಕ್ಕ ಗೊತ್ತಿದ್ದೂನಾ?" ಅಂದ ನನ್ನ ಮಗ.

ಮಧ್ಯಾಹ್ನ ಮೂರು ದಾಟಿದಾಗ ನಾವು ಕ್ಯಾಸಲ್ ಬೀಚ್‌ನಲ್ಲಿದ್ದೆವು. ಎದುರಿಗೆ ಸೇಂಟ್ ಕ್ಯಾಥರೀನ್ ಬಂಡೆ, ಅದರ ತಲೆಯ ಮೇಲೆ ಹಳೇ ಕೋಟೆ. ಇಳಿತದ ಹೊತ್ತಿನಲ್ಲಿ ಅಲ್ಲಿಗೆ ಮರಳ ಮೇಲೇ ನಡೆದು ಹೋಗಬಹುದು. ನೀರು ಆಗ ಹಿಂದೆ ಸರಿಯುತ್ತಿತ್ತು, ದಾರಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಇವರು ವಾಚು ನೋಡಿ "ನಿಮ್ಮಮ್ಮನ ಸೂರ್ಯ ಈಗ ಮಕರಕ್ಕೆ ಹೋಗ್ತಾ ಇದ್ದಾನೆ" ಅಂದರು. ಮೋಡದ ಹಿಂದೆ ಎಲ್ಲಿದ್ದಾನೋ ಕಾಣಲಿಲ್ಲ. ನಾಲ್ಕೂವರೆ ಕಳೆದು ಸ್ವಲ್ಪ ಹೊತ್ತಿಗೆಲ್ಲ ಕತ್ತಲಾಯಿತು.

ಆಗ ಗಮನಿಸಿದೆ. ಬಣ್ಣದ ಮನೆಗಳ ಆ ಸಾಲಿನಲ್ಲಿ ದೀಪ ಇದ್ದದ್ದು ನಾಲ್ಕೋ ಐದೋ ಕಿಟಕಿಯಲ್ಲಿ. ಉಳಿದವೆಲ್ಲ ಕಪ್ಪು.

ಭಾನುವಾರ ಮಳೆ ನಿಂತಿತ್ತು. ಎಣ್ಣೆನೀರು ಮುಗಿಸಿ, ಕಿಟಕಿಯ ಕಟ್ಟೆಯ ಮೇಲೆ ದೇವರ ಪಟ ಇಟ್ಟು, ಎರಡು ಪೊಂಗಲ್ ಮಾಡಿ ನೈವೇದ್ಯ ಮಾಡಿದೆವು. ಬಾಡಿಗೆ ಮನೆಯ ಮಾಲೀಕರು ಒಳ್ಳೆಯವರು, ಸೀಸನ್ ಅಲ್ಲ ಅಂತ ಸಂಜೆವರೆಗೆ ಇರಲು ಬಿಟ್ಟಿದ್ದರು. ಎಳ್ಳು ಬೆಲ್ಲವನ್ನು ಹತ್ತು ಸಣ್ಣ ಡಬ್ಬಿಗೆ ತುಂಬಿ, ಒಂದೊಂದರ ಮೇಲೆ ಒಂದು ಅಚ್ಚು ಇಟ್ಟೆ. ಇಲ್ಲಿ ಒಂದು ವಿಷಯ. ಈ ದೇಶದಲ್ಲಿ ಅಲರ್ಜಿಯ ಪದಾರ್ಥ ಅಂತ 14ರ ಪಟ್ಟಿ ಇದೆ. ಎಳ್ಳೂ ಅದರಲ್ಲಿದೆ, ಕಡಲೆಕಾಯಿಯೂ ಇದೆ. ಅಚ್ಚಿಗೆ ಬಿಟ್ಟ ಎರಡು ಚಮಚ ಹಾಲೂ ಲೆಕ್ಕಕ್ಕೆ ಬರುತ್ತದೆ. ಒಳ್ಳೆ ಮಾತಾಡಿ ಅಂತ ಕೊಟ್ಟು ಆಂಬುಲೆನ್ಸ್ ಕರೆಸುವ ಹಾಗಾಗಬಾರದಲ್ಲ. ಮಗ ಚೀಟಿ ಬರೆದ: ಎಳ್ಳು, ಕಡಲೆಕಾಯಿ, ಹಾಲು. ಪ್ರತಿ ಡಬ್ಬಿಗೂ ಒಂದು.

ಮಗಳು ಲಂಗ ಉಟ್ಟು, ಅದರ ಒಳಗೆ ಎರಡು ಪ್ಯಾಂಟ್ ಹಾಕಿ, ಮೇಲೆ ಚಳಿಯ ಕೋಟು ತೊಟ್ಟು, ತಟ್ಟೆ ಹಿಡಿದು ಹೊರಟಳು. ನಾನು ಹಿಂದೆ. ಮೊದಲ ಮನೆ, ಬೆಲ್ಲು ಒತ್ತಿದಳು, ಯಾರೂ ಇಲ್ಲ. ಎರಡನೆಯದು, ಯಾರೂ ಇಲ್ಲ. ಮೂರನೆಯದರಲ್ಲಿ ಅವಳೇ ಕಂಡುಹಿಡಿದಳು. ಬಾಗಿಲ ಪಕ್ಕದ ಗೋಡೆಯಲ್ಲಿ ನಂಬರ್ ಒತ್ತಿ ತೆಗೆಯುವ ಪುಟ್ಟ ಕೀ ಡಬ್ಬ ಇದ್ದರೆ ಅದು ನಮ್ಮದರ ಹಾಗೇ ಬಾಡಿಗೆ ಮನೆ. ಬೀದಿಯುದ್ದಕ್ಕೂ ಕೀ ಡಬ್ಬಗಳು. ಬಾಡಿಗೆಯದು ಅಲ್ಲದಿದ್ದರೆ ಬೇಸಿಗೆಗೆ ಮಾತ್ರ ಬರುವವರ ಎರಡನೇ ಮನೆ. ಇಂಥ ಮನೆಗಳು ಜಾಸ್ತಿಯಾಗಿ ಊರಿನವರಿಗೇ ಮನೆ ಸಿಗದಂತಾಯಿತು ಅನ್ನೋದು ವೇಲ್ಸ್‌ನ ಕರಾವಳಿಯಲ್ಲೆಲ್ಲ ಕೇಳುವ ದೂರು. ಆ ಏಪ್ರಿಲ್‌ನಿಂದ ಇಲ್ಲಿನ ಕೌನ್ಸಿಲ್‌ಗಳು ಎರಡನೇ ಮನೆಗೆ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹಾಕಬಹುದು ಅಂತ ಕಾನೂನೂ ಬಂತು. ಸುದ್ದಿಯಲ್ಲಿ ಓದುವುದು ಬೇರೆ. ಎಳ್ಳಿನ ತಟ್ಟೆ ಹಿಡಿದು ಬಾಗಿಲು ಬಾಗಿಲಿಗೆ ನಿಂತಾಗ ಅರ್ಥವಾಗುವುದು ಬೇರೆ. ನಾವೂ ಅರ್ಧ ಬಾಡಿಗೆ ಅಂತ ಖುಷಿಪಟ್ಟು ಬಂದವರೇ ಅಲ್ವಾ.

ಒಂದು ಡಬ್ಬಿ ಕಾಫಿ ಅಂಗಡಿಯ ಹುಡುಗಿಗೆ ಹೋಯಿತು. ಇನ್ನೊಂದು ನಾರ್ತ್ ಬೀಚ್‌ನಲ್ಲಿ ಮೂರು ನಾಯಿ ಬಿಟ್ಟುಕೊಂಡು ನಿಂತಿದ್ದವರಿಗೆ. ಬೇಸಿಗೆಯಲ್ಲಿ ಇಲ್ಲಿ ನಾಯಿಗಳನ್ನು ಬಿಡುವುದಿಲ್ಲ, ಚಳಿಗಾಲದಲ್ಲಿ ಬೀಚು ಅವುಗಳದೇ. ಗಾಸ್ಕರ್ ಬಂಡೆಯ ಸುತ್ತ ಅವು ಓಡುವುದನ್ನು ನೋಡಿ ನನಗೆ ಮದ್ದೂರಿನ ಕಡೆ ಅಜ್ಜಿಯ ಊರಿನಲ್ಲಿ ಕಿಚ್ಚು ಹಾಯಿಸುವಾಗ ದನ ಹಾರಿ ಓಡುತ್ತಿದ್ದದ್ದು ನೆನಪಾಯಿತು. ಬೆಂಕಿ ಇಲ್ಲ, ಕೊಂಬಿಗೆ ಬಣ್ಣ ಇಲ್ಲ, ಆದರೂ ಅದೇ ಹುಚ್ಚು ಓಟ.

ಮೂರನೇ ಡಬ್ಬಿ ಬೀದಿಯ ಕೊನೆಯ ಮನೆಗೆ. ಕೀ ಡಬ್ಬ ಇರಲಿಲ್ಲ, ಕಿಟಕಿಯಲ್ಲಿ ದೀಪ ಇತ್ತು. ಬಾಗಿಲು ತೆಗೆದ ಅಜ್ಜಿಗೆ ಎಂಬತ್ತು ದಾಟಿರಬೇಕು. ಮಗಳು ಕಂಠಪಾಠ ಮಾಡಿದ್ದನ್ನು ಕನ್ನಡದಲ್ಲೇ ಒಪ್ಪಿಸಿದಳು: "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ." ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅಜ್ಜಿ ಡಬ್ಬಿಯ ಚೀಟಿ ಓದಿ, "ಅಲರ್ಜಿ ಇಲ್ಲ, ಆದರೆ ಎಳ್ಳು ನನ್ನ ಕಟ್ಟಿಸಿದ ಹಲ್ಲಿನೊಳಗೆ ಸೇರಿಕೊಂಡರೆ ಒಳ್ಳೆ ಮಾತು ಬರುವುದಿಲ್ಲ" ಅಂದು ನಕ್ಕರು. ಬಾಲವಿಲ್ಲದ ಗಿಳಿಯನ್ನು ಮಾತ್ರ ಎತ್ತಿ ಬಾಯಿಗೆ ಹಾಕಿಕೊಂಡರು. ಎಳ್ಳು ಮೊಮ್ಮಕ್ಕಳಿಗಂತೆ.

"ನೀವು ಎರಡು ದಿನ ತಡ" ಅಂದರು ಆಮೇಲೆ. ಅವರು ಹುಟ್ಟಿದ್ದು ಟೆನ್ಬಿಯಲ್ಲಲ್ಲ, ಇದೇ ಜಿಲ್ಲೆಯ ಉತ್ತರಕ್ಕೆ, ಗ್ವೈನ್ ಕಣಿವೆಯಲ್ಲಿ. ಅಲ್ಲಿ ಇವತ್ತಿಗೂ ಜನವರಿ 13ಕ್ಕೆ ಹೊಸ ವರ್ಷ. ಹೆನ್ ಗಾಲನ್ ಅಂತಾರೆ, ಹಳೇ ಹೊಸವರ್ಷ. 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿ ಹನ್ನೊಂದು ದಿನ ಹಾರಿಸಿತು. ಆ ಕಣಿವೆಯವರು ಒಪ್ಪಲಿಲ್ಲ. ಆ ದಿನ ಮಕ್ಕಳು ಮನೆಮನೆಗೆ ಹೋಗಿ ವೆಲ್ಷ್ ಹಾಡು ಹೇಳುತ್ತಾರೆ, ಮನೆಯವರು ಮಿಠಾಯಿ, ಚಿಲ್ಲರೆ ಕೊಡುತ್ತಾರೆ. ಅದಕ್ಕೆ ಕಲೆನ್ನಿಗ್ ಅಂತ ಹೆಸರು. ಅಜ್ಜಿ ಬಾಗಿಲಲ್ಲೇ ನಿಂತು ಎರಡು ಸಾಲು ಹಾಡಿದರು. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ಅವಳ ಕೈಗೆ ಒಂದು ಪೌಂಡಿನ ನಾಣ್ಯ ಬಂತು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಕೂತು ಲೆಕ್ಕ ಹಾಕಿದರು. ಹಳೇ ಕ್ಯಾಲೆಂಡರಿನ ಜನವರಿ 1 ಈಗ 14ಕ್ಕೆ ಬರಬೇಕು. 1900ರಲ್ಲಿ ಇನ್ನೊಂದು ದಿನ ಜಾರಿತು, ಆದರೆ ಕಣಿವೆಯವರು 13ಕ್ಕೇ ಬೇರೂರಿ ಕೂತಿದ್ದಾರೆ. ನಮ್ಮದು ಉಲ್ಟಾ, ಸಂಕ್ರಾಂತಿ ಸುಮಾರು 72 ವರ್ಷಕ್ಕೊಂದು ದಿನ ಮುಂದಕ್ಕೆ ತೆವಳುತ್ತದೆ. ವಿವೇಕಾನಂದರು ಹುಟ್ಟಿದ್ದು 1863ರ ಸಂಕ್ರಾಂತಿಯಂದು, ಆಗ ಅದು ಜನವರಿ 12. ನಾವು 15ಕ್ಕೆ ಬಂದು ನಿಂತಿದ್ದೇವೆ. ಅಂದರೆ ಒಂದಾನೊಂದು ಕಾಲಕ್ಕೆ ನಮ್ಮ ಹಬ್ಬ ಮತ್ತು ಆ ಅಜ್ಜಿಯ ಹಬ್ಬ ಒಂದೇ ದಿನ ಬಂದಿರಬೇಕು. ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳು ಕೇಳಿದ್ದು ಒಂದೇ: "ಎಷ್ಟು ಮನೆ ಆಯ್ತು?"

"ಮೂರು."

"ಇನ್ನೆರಡು?"

ಸಂಜೆ ಹೊರಡುವ ಹೊತ್ತಿಗೆ, ಡಿಕ್ಕಿ ತುಂಬುತ್ತಿದ್ದಾಗ ಅಜ್ಜಿ ನಿಧಾನಕ್ಕೆ ಬೀದಿಯಲ್ಲಿ ಬರುತ್ತಿದ್ದರು. ಕೈಯಲ್ಲಿ ನಮ್ಮದೇ ಡಬ್ಬಿ. ನಮ್ಮ ಕಡೆ ಎಳ್ಳಿನ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಅದನ್ನು ಅವರಿಗೆ ನಾನು ಹೇಳಿರಲಿಲ್ಲ. ಒಳಗೆ ಆರು ವೆಲ್ಷ್ ಕೇಕು, ಕಲ್ಲಿನ ಮೇಲೆ ಚಪ್ಪಟೆಗೆ ಸುಟ್ಟದ್ದು, ಒಣದ್ರಾಕ್ಷಿ ಹಾಕಿ ಮೇಲೆ ಸಕ್ಕರೆ ಉದುರಿಸಿದ್ದು. ಡಬ್ಬಿ ಇನ್ನೂ ಬೆಚ್ಚಗಿತ್ತು. ಮಗ ಬರೆದ ಚೀಟಿ ಅಲ್ಲೇ ಅಂಟಿಕೊಂಡಿತ್ತು. ಅದರ ಕೆಳಗೆ ನಡುಗುವ ಅಕ್ಷರದಲ್ಲಿ ಅವರದೂ ಒಂದು ಸಾಲು: ಗೋಧಿ, ಮೊಟ್ಟೆ, ಹಾಲು.

ಹಬ್ಬದ ದಿನ ಮೊಟ್ಟೆ ಬೇಡ ಅಂತ ಮುಚ್ಚಳ ಹಾಕಿದೆ. ದಾರಿಯುದ್ದಕ್ಕೂ ಕಾರೆಲ್ಲ ಬೆಣ್ಣೆಯ ವಾಸನೆ. ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಮುಂಚೆ ತಿಂದೆವು, ತಲೆಗೆ ಒಂದೂವರೆ.