ಕುತ್ತಿಗೆ ನೋವಿಗೆ ವ್ಯಾಸಪೀಠ: ನಾಲ್ಕು ವಾರದ ಲೆಕ್ಕ

ಮೊದಲ ವಾರ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಟೈಪಿಂಗ್ ಆಫೀಸು. ಬರುವುದರಲ್ಲಿ ಮುಕ್ಕಾಲು ಪಾಲು ಮುಳುಗಡೆ ಕಾಗದವೇ. ಆಲಮಟ್ಟಿ ಹಿನ್ನೀರಿಗೆ ಹೋದ ಹೊಲಗಳ ಪರಿಹಾರದ ಕೇಸು, ಹಳೆಯ ಪಹಣಿ, ವಕೀಲರು ಕೈಯಲ್ಲಿ ಬರೆದುಕೊಟ್ಟ ಅರ್ಜಿ. ಎಲ್ಲ ನೋಡಿ ನೋಡಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹೊಡೆಯಬೇಕು. ಸಂಜೆ ನಾಲ್ಕಾದರೆ ಕಣ್ಣು ಉರಿ. ಎಡ ಹೆಗಲಿನಿಂದ ಕಿವಿಯವರೆಗೆ ಹಗ್ಗ ಬಿಗಿದ ಹಾಗೆ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು ಅಂತಾರಲ್ಲ, ಮಾನಿಟರ್ ಕೆಳಗೆ ಎ4 ಹಾಳೆಯ ಎರಡು ರೀಮ್ ಇಟ್ಟೆ. ಸುಮಾರು 4 ಇಂಚು ಎತ್ತರ ಸಿಕ್ಕಿತು. ಎರಡೇ ದಿನಕ್ಕೆ ನೋವು ಇನ್ನೂ ಜಾಸ್ತಿ. ಕಾರಣ ನನ್ನ ಬೈಫೋಕಲ್ ಕನ್ನಡಕ. ಅದರಲ್ಲಿ ಹತ್ತಿರದ್ದು ಕಾಣುವುದು ಗಾಜಿನ ಕೆಳಭಾಗದಿಂದ. ಪರದೆ ಮೇಲೆ ಹೋದಷ್ಟೂ ನಾನು ಗದ್ದ ಎತ್ತಿ, ಮಾಳಿಗೆ ನೋಡುವವನ ಹಾಗೆ ಕೂರುತ್ತಿದ್ದೆ. ಅಷ್ಟರಲ್ಲಿ ಆಫೀಸಿನ ಹುಡುಗ ಝೆರಾಕ್ಸಿಗೆ ಬೇಕು ಅಂತ ಒಂದು ರೀಮ್ ಎಳೆದುಕೊಂಡು ಹೋದ. ಇನ್ನೊಂದನ್ನು ನಾನೇ ತೆಗೆದೆ.

ಎರಡನೇ ವಾರ

ಒಂದು ದಿನ ಸುಮ್ನೆ ಗಮನಿಸಿದೆ. ನಾನು ಪರದೆ ನೋಡುವುದು ಕಡಿಮೆ, ಟೇಬಲ್ ಮೇಲೆ ಮಲಗಿಸಿಟ್ಟ ಕಾಗದ ನೋಡುವುದೇ ಹೆಚ್ಚು. ತಲೆಯ ತೂಕವೇ ನಾಲ್ಕೈದು ಕೆಜಿ. ಅದನ್ನು ದಿನವಿಡೀ ಮುಂದಕ್ಕೆ ಜೋತುಬಿಟ್ಟರೆ ಹಿಂದಿನ ನರ ಸ್ನಾಯು ಏನು ಮಾಡಬೇಕು?

ಮನೆಯಲ್ಲಿ ಅವ್ವ ಪುರಾಣ ಓದುವಾಗ ಪುಸ್ತಕ ಆನಿಸಿಡುವ ವ್ಯಾಸಪೀಠ ಇತ್ತು. ತಂದು ಮಾನಿಟರಿನ ಬಲಕ್ಕೆ ಇಟ್ಟೆ. ಕಾಗದ ಜಾರುತ್ತಿತ್ತು, ಅದಕ್ಕೆ ಮಗನ ಪರೀಕ್ಷೆಯ ಪ್ಯಾಡನ್ನು ಆನಿಸಿ ಕ್ಲಿಪ್ ಹಾಕಿದೆ.

‘ಏನ್ರಿ ಸರ, ಆಫೀಸಿನ್ಯಾಗ ಪುರಾಣ ಹಚ್ಚೀರೇನು?’ ಅಂದ ಹುಡುಗ.

ಹಚ್ಚಿದ್ದು ಹೌದು, ಫಲ ಮಾತ್ರ ಅರ್ಧ. ನೋವು ಎಡದಿಂದ ಬಲಕ್ಕೆ ಬಂತು, ಇಡೀ ದಿನ ಬಲಕ್ಕೇ ತಿರುಗಿ ನೋಡಿದರೆ ಮತ್ತೇನಾಗುತ್ತೆ?

ಮೂರನೇ ವಾರ

ವ್ಯಾಸಪೀಠವನ್ನು ಕೀಬೋರ್ಡಿಗೂ ಮಾನಿಟರಿಗೂ ನಡುವೆ, ನನ್ನ ಮೂಗಿನ ನೇರಕ್ಕೆ ತಂದೆ. ಮಾನಿಟರ್ ಸ್ವಲ್ಪ ಹಿಂದೆ ಸರಿಯಿತು, ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು. ಅಕ್ಷರ ಸಣ್ಣ ಕಂಡಿತು, ಜೂಮ್ 130ಕ್ಕೆ ಏರಿಸಿದೆ. ಈಗ ತಲೆಯನ್ನು ಪಕ್ಕಕ್ಕೆ ತಿರುಗಿಸಬೇಕಿಲ್ಲ, ಕಣ್ಣು ಮಾತ್ರ ಮೇಲೆ ಕೆಳಗೆ ಆಡುತ್ತದೆ. ಬೈಫೋಕಲ್ಲಿಗೂ ಇದೇ ಹಿತ.

ಬೆಳಕಿನ ಕೆಲಸ ಬೇಗ ಮುಗಿಯಿತು. ಬೆನ್ನ ಹಿಂದೆ ಪಶ್ಚಿಮದ ಕಿಟಕಿ ಇತ್ತು, ಮಧ್ಯಾಹ್ನ ಪರದೆಯಲ್ಲಿ ಅದೇ ಹೊಳೆಯುತ್ತಿತ್ತು. ಟೇಬಲ್ ತಿರುಗಿಸಿ ಕಿಟಕಿಯನ್ನು ಪಕ್ಕಕ್ಕೆ ಮಾಡಿಕೊಂಡೆ. ಪರದೆಯ ಪಕ್ಕ ಬಿಳಿ ಹಾಳೆ ಹಿಡಿದು ನೋಡಿದರೆ ಪರದೆ ಟ್ಯೂಬ್‌ಲೈಟ್ ಹಾಗಿತ್ತು. ಹಾಳೆಗೆ ಸರಿಹೊಂದುವವರೆಗೆ ಬ್ರೈಟ್‌ನೆಸ್ ಇಳಿಸಿದೆ. ಟೇಬಲ್ ಫ್ಯಾನ್ ಮುಖಕ್ಕೇ ಬೀಸುತ್ತಿತ್ತು. ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಮ್ಮಿ, ಮೇಲೆ ಈ ಗಾಳಿ. ಕಣ್ಣು ಒಣಗದೆ ಇರುತ್ತಾ? ಫ್ಯಾನನ್ನು ಕಾಲಿನ ಕಡೆ ತಿರುಗಿಸಿದೆ.

ನಾಲ್ಕನೇ ವಾರ

20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡು ನೋಡಬೇಕು ಅನ್ನುವ ನಿಯಮಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೆ. ಮೂರನೇ ದಿನ ನಾನೇ ಬಂದ್ ಮಾಡಿದೆ. ನಮ್ಮ ಕೋಣೆಯೇ 12 ಅಡಿ, ನೋಡುವುದೆಲ್ಲಿ? ಈಗ ಪ್ರತಿ ಪುಟ ಮುಗಿದ ಮೇಲೆ ಕಿಟಕಿಯಾಚೆಯ ಬೇವಿನ ಮರ ನೋಡುತ್ತೇನೆ, ಹತ್ತು ಸಲ ರೆಪ್ಪೆ ಬಡಿಯುತ್ತೇನೆ. ಪುಟ ಮುಗಿದಾಗ ಕಣ್ಣು ತಾನೇ ಎದ್ದು ಹೋಗುತ್ತದೆ, ಅಲಾರಂ ಬೇಡ.

ಹಗ್ಗ ಬಿಗಿದ ಹಾಗಾಗುವುದು ಈಗ ವಾರಕ್ಕೊಮ್ಮೆ, ಅದೂ ಕಾಗದದ ಕಟ್ಟು ದೊಡ್ಡದಿದ್ದ ದಿನ. ಕಣ್ಣುರಿ ಪೂರ್ತಿ ಹೋಗಿಲ್ಲ. ಪರದೆಯ ದೂರಕ್ಕೆಂದೇ ಒಂದೇ ನಂಬರಿನ ಬೇರೆ ಕನ್ನಡಕ ಮಾಡಿಸಿ ಅಂತ ಕಣ್ಣಿನ ಡಾಕ್ಟರ್ ಹೇಳಿದ್ದಾರೆ. ಪಗಾರ ಆಗಲಿ.

ಈಗ ಅವ್ವ ಶ್ರಾವಣಕ್ಕೆ ವ್ಯಾಸಪೀಠ ವಾಪಸ್ ತಾ ಅಂದಿದ್ದಾಳೆ. ಭಾನುವಾರ ಬಡಿಗೇರರ ಹತ್ತಿರ ಹೋಗಬೇಕು. ಅಳತೆ ಬರೆದಿಟ್ಟಿದ್ದೇನೆ: ಅಗಲ 10 ಇಂಚು, ಎತ್ತರ 14, ಲೀಗಲ್ ಹಾಳೆ ಪೂರ್ತಿ ನಿಲ್ಲಬೇಕು, ಕೆಳಗೆ ಅರ್ಧ ಇಂಚಿನ ಪಟ್ಟಿ.